ಕೊಡದ ಕೂಲಿ

(ಜುಮಾ ಖುತ್ಬಾದ ಸಂಗ್ರಹ)

 



ಕೆಲವು ದಿನಗಳ ಹಿಂದೆ ನಮ್ಮ ಮಹಲ್ಲಾದ ಒಬ್ಬ ತರುಣ ಇಶಾ ನಮಾಝ್ ಮುಗಿಸಿ ನನ್ನ ಬಳಿ ಬಂದು ಕುಳಿತ. ಅಮೆರಿಕದಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ, ರಜೆಗೆ ಬಂದಿದ್ದ. ಒಳ್ಳೆಯ ಹುಡುಗ, ನಮಾಝ್ ತಪ್ಪಿಸುವವನಲ್ಲ. ಅಲ್ಲಿನ ಮಸೀದಿಯ ವಿಷಯ ಮಾತಾಡುತ್ತಾ ಒಂದು ಮಾತು ಕೇಳಿದ: “ಹಝ್ರತ್, ಅಲ್ಲಿ ಗುಲಾಮಗಿರಿ ಹೋಗಿ ನೂರೈವತ್ತು ವರ್ಷದ ಮೇಲಾಯಿತು. ನಮ್ಮಂಥವರು ಎರಡು ಸೂಟ್‌ಕೇಸ್ ಹಿಡಿದು ಹೋಗಿ ಹತ್ತು ವರ್ಷದಲ್ಲಿ ಮನೆ ಮಾಡುತ್ತೇವೆ. ನಮ್ಮ ಪಕ್ಕದಲ್ಲೇ ಸಫ್‌ನಲ್ಲಿ ನಿಲ್ಲುವ ಕಪ್ಪುವರ್ಣೀಯ ಸಹೋದರರಲ್ಲಿ ಎಷ್ಟೋ ಮಂದಿ ಇನ್ನೂ ಬಾಡಿಗೆ ಮನೆಯಲ್ಲೇ ಇದ್ದಾರೆ. ಎಲ್ಲದಕ್ಕೂ ಹಳೆಯದನ್ನೇ ಹೇಳಿದರೆ ಹೇಗೆ?”

ಅವನಿಗೆ ಅಂದು ಸರಿಯಾದ ಉತ್ತರ ಕೊಡಲು ನನ್ನಿಂದಾಗಲಿಲ್ಲ. ಓದಿ ಹೇಳುತ್ತೇನೆ ಎಂದೆ. ಓದಿದ್ದನ್ನು ಇಂದು ನಿಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ. ಯಾಕೆಂದರೆ ಆ ಪ್ರಶ್ನೆ ಅವನೊಬ್ಬನದ್ದಲ್ಲ, ನಮ್ಮಲ್ಲಿ ಬಹಳ ಮಂದಿಯ ಮನಸ್ಸಿನಲ್ಲಿದೆ.

ಅಮೆರಿಕದ ಜಾರ್ಜಿಯಾ ರಾಜ್ಯದ ಕರಾವಳಿಯಲ್ಲಿ ಸಪೆಲೋ ಎಂಬ ಪುಟ್ಟ ದ್ವೀಪವಿದೆ. ಸುಮಾರು ಇನ್ನೂರು ವರ್ಷಗಳ ಹಿಂದೆ ಅಲ್ಲಿ ಥಾಮಸ್ ಸ್ಪಾಲ್ಡಿಂಗ್ ಎಂಬವನ ದೊಡ್ಡ ಎಸ್ಟೇಟ್ ಇತ್ತು. ಹತ್ತಿ, ಕಬ್ಬು ಬೆಳೆಯುತ್ತಿದ್ದರು. ದುಡಿಯುತ್ತಿದ್ದವರು ನೂರಾರು ಮಂದಿ ಗುಲಾಮರು. ಅವರ ಮೇಲ್ವಿಚಾರಕನೂ ಗುಲಾಮನೇ, ಹೆಸರು ಬಿಲಾಲಿ ಮುಹಮ್ಮದ್. ಈಗಿನ ಗಿನಿ ದೇಶದ ಫೂತಾ ಜಲ್ಲೋನ್ ಪ್ರದೇಶದವರು. ಮದ್ರಸದಲ್ಲಿ ಓದಿದವರು. ಅವರನ್ನು ಹಿಡಿದು ಹಡಗಿನಲ್ಲಿ ತುಂಬಿ ಮೊದಲು ಬಹಾಮಾಸ್ ದ್ವೀಪಗಳಿಗೆ, ಅಲ್ಲಿಂದ ಸಪೆಲೋಗೆ ಮಾರಿದರು. ಇಸ್ಲಾಮಿನ ಮೊದಲ ಮುಅಝ್ಝಿನ್ ಹಝ್ರತ್ ಬಿಲಾಲ್(ರ)ರ ಹೆಸರು ಹೊತ್ತವರು ಸಾವಿರಾರು ಮೈಲಿ ದೂರದ ಹತ್ತಿ ಹೊಲದಲ್ಲಿ ಗುಲಾಮರಾಗಿ ಬದುಕಿದರು. ಆದರೆ ನಮಾಝ್ ಬಿಡಲಿಲ್ಲ. ತೀರುವ ಮೊದಲು ತಮ್ಮ ಕೈಯಾರೆ ಅರಬಿಯಲ್ಲಿ ಬರೆದ ಹದಿಮೂರು ಪುಟಗಳನ್ನು ಒಬ್ಬರಿಗೆ ಕೊಟ್ಟರು. ಅದು ಈಗ ಜಾರ್ಜಿಯಾ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ. ಬಹಳ ಕಾಲ ಜನರು ಅದನ್ನು ಅವರ ದಿನಚರಿ ಎಂದುಕೊಂಡಿದ್ದರು. ಬಿಡಿಸಿ ಓದಿ ನೋಡಿದರೆ ಅದರಲ್ಲಿದ್ದದ್ದು ವುಝೂ, ಅಝಾನ್, ನಮಾಝ್‌ನ ಮಸ್‌ಅಲಗಳು! ಬಾಲ್ಯದಲ್ಲಿ ಓದಿದ ಮಾಲಿಕೀ ಫಿಕ್‌ಹ್‌ನ ಪಾಠವನ್ನು ನೆನಪಿನಿಂದ ಬರೆದಿಟ್ಟಿದ್ದರು. ಕಲಿಸಲು ಮದ್ರಸ ಇಲ್ಲ, ಮಕ್ಕಳ ಕೈಗೆ ಕೊಡಲು ಕಿತಾಬು ಇಲ್ಲ. ಇದ್ದದ್ದನ್ನು ಕಾಗದಕ್ಕೆ ಇಳಿಸಿದರು.

1930ರ ದಶಕದಲ್ಲಿ ಕೆಲವು ಬರಹಗಾರರು ಆ ಕರಾವಳಿಯ ಮುದುಕರನ್ನು ಮಾತಾಡಿಸಿದರು. ಅಷ್ಟು ಹೊತ್ತಿಗೆ ಅವರೆಲ್ಲ ಕ್ರೈಸ್ತರಾಗಿದ್ದರು. ಆದರೂ ಅಜ್ಜಿಯರ ಕಾಲದ್ದು ಮರೆತಿರಲಿಲ್ಲ. ಅಜ್ಜಿ ಸೂರ್ಯೋದಯಕ್ಕೆ ಎದ್ದು ಪ್ರಾರ್ಥಿಸುತ್ತಿದ್ದಳು, ಕೈಯಲ್ಲಿ ಮಣಿಸರ ಇರುತ್ತಿತ್ತು, ಶುಕ್ರವಾರ ಅವಳಿಗೆ ಪ್ರಾರ್ಥನೆಯ ದಿನ ಎಂದು ನೆನೆದರು. ಅಕ್ಕಿ ನೆನೆಸಿ, ಕುಟ್ಟಿ, ಜೇನು ಸೇರಿಸಿ ಚಪ್ಪಟೆಯಾಗಿ ತಟ್ಟಿ ಮಕ್ಕಳಿಗೆ ಹಂಚುತ್ತಿದ್ದಳಂತೆ. ಅದಕ್ಕೆ ಅವರು ಹೇಳುತ್ತಿದ್ದ ಹೆಸರು “ಸರಾಕ”. ಅದು ಏನೆಂದು ಮೊಮ್ಮಕ್ಕಳಿಗೆ ಗೊತ್ತಿಲ್ಲ. ನಿಮಗೆ ಗೊತ್ತಾಯಿತಲ್ಲ? ಸದಕಾ. ದೀನ್ ಮರೆತುಹೋದ ಮೇಲೂ ಸದಕಾದ ಸಿಹಿ ಉಳಿಯಿತು. ಸ್ವಂತ ದೇಹದ ಮೇಲೂ ಹಕ್ಕಿಲ್ಲದ ಹೆಂಗಸರು ಕೈಯಲ್ಲಿದ್ದ ಒಂದು ಹಿಡಿ ಅಕ್ಕಿಯಲ್ಲೇ ಸದಕಾ ಮಾಡಿದರು.

ಸಹೋದರರೇ, ಇಷ್ಟು ಹೇಳಿದ್ದು ಕಣ್ಣು ತೇವವಾಗಲಿ ಎಂದಲ್ಲ. ಲೆಕ್ಕ ನೋಡಬೇಕು ಎಂದು. ಆ ಎಸ್ಟೇಟಿನಲ್ಲಿ ಬಿಲಾಲಿಯವರು, ಅವರ ಮಕ್ಕಳು, ಮೊಮ್ಮಕ್ಕಳು ದುಡಿದ ದಿನಗಳ ಕೂಲಿ ಎಲ್ಲಿ ಹೋಯಿತು?

ಸಹೀಹ್ ಬುಖಾರಿಯಲ್ಲಿ ಒಂದು ಹದೀಸ್ ಇದೆ. ಅಂತಿಮ ದಿನದಲ್ಲಿ ಮೂವರ ವಿರುದ್ಧ ಸ್ವತಃ ಅಲ್ಲಾಹನೇ ವಾದಿಯಾಗಿ ನಿಲ್ಲುವನೆಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಅಲ್ಲಾಹನ ಹೆಸರಲ್ಲಿ ಮಾತು ಕೊಟ್ಟು ಮುರಿದವನು. ಸ್ವತಂತ್ರ ಮನುಷ್ಯನನ್ನು ಮಾರಿ ಆ ಹಣ ತಿಂದವನು. ಆಳಿನಿಂದ ಪೂರ್ತಿ ಕೆಲಸ ಮಾಡಿಸಿಕೊಂಡು ಕೂಲಿ ಕೊಡದವನು. ಈ ಹದೀಸನ್ನು ನಾವು ಎಷ್ಟೋ ಬಾರಿ ಕೇಳಿದ್ದೇವೆ. ಮೂರು ಬೇರೆ ಬೇರೆ ಅಪರಾಧಗಳು ಎಂದೇ ನಾನೂ ತಿಳಿದಿದ್ದೆ. ಸಪೆಲೋದ ಕಥೆ ಓದಿದ ಮೇಲೆ ಮೂರೂ ಒಂದೇ ಮನೆಯ ಮೇಲೆ ಬೀಳಬಹುದು ಎಂದು ಅರ್ಥವಾಯಿತು. ಮಾರಿದ್ದು ಆಯಿತು, ಕೂಲಿ ಕೊಡದೆ ದುಡಿಸಿದ್ದೂ ಆಯಿತು. ಕೊಟ್ಟ ಮಾತು ಮುರಿದದ್ದನ್ನು ಈಗ ಹೇಳುತ್ತೇನೆ.

ಅಮೆರಿಕದ ಉತ್ತರ-ದಕ್ಷಿಣ ಯುದ್ಧದ ಕೊನೆಯಲ್ಲಿ, 1865ರ ಜನವರಿ 16ರಂದು, ಜನರಲ್ ಶರ್ಮನ್ ಒಂದು ಆಜ್ಞೆ ಹೊರಡಿಸಿದರು. ಚಾರ್ಲ್ಸ್‌ಟನ್‌ನಿಂದ ದಕ್ಷಿಣಕ್ಕಿರುವ ದ್ವೀಪಗಳು ಮತ್ತು ಕರಾವಳಿಯ ಭತ್ತದ ಗದ್ದೆಗಳು ಬಿಡುಗಡೆಯಾದ ಕುಟುಂಬಗಳಿಗೆ, ಒಂದೊಂದಕ್ಕೆ 40 ಎಕರೆವರೆಗೆ. ಸಪೆಲೋ ಕೂಡ ಆ ಪ್ರದೇಶದಲ್ಲೇ ಇತ್ತು. ಆರು ತಿಂಗಳೊಳಗೆ ಸುಮಾರು 40 ಸಾವಿರ ಜನ ಸುಮಾರು 4 ಲಕ್ಷ ಎಕರೆಯಲ್ಲಿ ನೆಲೆಸಿ ಬಿತ್ತನೆ ಮಾಡಿದರು. ಅದೇ ವರ್ಷ ಏಪ್ರಿಲ್‌ನಲ್ಲಿ ಅಧ್ಯಕ್ಷ ಲಿಂಕನ್ ಕೊಲೆಯಾದರು. ಅವರ ಜಾಗಕ್ಕೆ ಬಂದ ಆಂಡ್ರ್ಯೂ ಜಾನ್ಸನ್ ವರ್ಷ ಮುಗಿಯುವ ಮೊದಲೇ ಆ ಭೂಮಿಯನ್ನು ಹಳೆಯ ಯಜಮಾನರಿಗೆ ಹಿಂತಿರುಗಿಸುವ ವ್ಯವಸ್ಥೆ ಮಾಡಿದರು. ಸ್ಪಾಲ್ಡಿಂಗ್ ಮನೆತನದವರು ಸಪೆಲೋಗೆ ಮರಳಿದರು. ಭೂಮಿ ಉತ್ತವರು ಮತ್ತೆ ಅದೇ ಭೂಮಿಯಲ್ಲಿ ಕೂಲಿಗೆ, ಗೇಣಿಗೆ ನಿಲ್ಲಬೇಕಾಯಿತು.

ಪರಿಹಾರವನ್ನೇ ಯಾರಿಗೂ ಕೊಡಲಿಲ್ಲವೆಂದು ತಿಳಿಯಬೇಡಿ. ಕೊಟ್ಟರು, ಯಜಮಾನರಿಗೆ! 1862ರಲ್ಲಿ ವಾಷಿಂಗ್ಟನ್ ನಗರದಲ್ಲಿ ಗುಲಾಮರನ್ನು ಬಿಡಿಸಿದಾಗ ತಲೆಗೆ 300 ಡಾಲರ್‌ವರೆಗೆ ಯಜಮಾನನ ಕೈಗೆ ಹೋಯಿತು. ಬ್ರಿಟನ್ ಇನ್ನೂ ಮುಂದೆ ಹೋಯಿತು. 1833ರ ಕಾನೂನಿನ ಪ್ರಕಾರ ಗುಲಾಮರ ಒಡೆಯರಿಗೆ 2 ಕೋಟಿ ಪೌಂಡ್, ಅಂದರೆ ಆಗಿನ ಸರಕಾರದ ವರ್ಷದ ಖರ್ಚಿನ ಸುಮಾರು ಐದರಲ್ಲಿ ಎರಡು ಪಾಲು. ಗುಲಾಮರಿಗೆ ಒಂದು ಪೆನ್ನಿಯೂ ಇಲ್ಲ. ಮೇಲಾಗಿ ‘ತರಬೇತಿ’ ಎಂಬ ಹೆಸರಲ್ಲಿ 1838ರವರೆಗೆ ಅದೇ ಯಜಮಾನನಿಗೆ ದುಡಿಯಬೇಕಿತ್ತು. ಆ 2 ಕೋಟಿಗೆಂದು ಎತ್ತಿದ ಸಾಲದ ಕೊನೆಯ ಪಾಲನ್ನು ಬ್ರಿಟನ್ ಸರಕಾರ ತೀರಿಸಿದ್ದು 2015ರಲ್ಲಿ. ಕೆರಿಬಿಯನ್ ದ್ವೀಪಗಳಿಂದ ಲಂಡನ್‌ಗೆ ಬಂದು ಬಸ್ ಓಡಿಸಿದ, ಆಸ್ಪತ್ರೆಯಲ್ಲಿ ದಾದಿಯಾಗಿ ದುಡಿದ ಗುಲಾಮರ ವಂಶಸ್ಥರ ತೆರಿಗೆಯೂ ಅದರಲ್ಲಿ ಸೇರಿತ್ತು. ಹಳೆಯ ಕಾಲದ ಮಾತು ಎನ್ನುತ್ತೇವಲ್ಲ. 2015ರಲ್ಲಿ ನಿಮ್ಮಲ್ಲಿ ಬಹುಪಾಲು ಜನರ ಕೈಯಲ್ಲಿ ಮೊಬೈಲ್ ಇತ್ತು.

ಹೈಟಿಯದ್ದು ಇನ್ನೂ ವಿಚಿತ್ರ. ಅಲ್ಲಿನ ಗುಲಾಮರು ತಾವೇ ಹೋರಾಡಿ 1804ರಲ್ಲಿ ಸ್ವತಂತ್ರರಾದರು. 1825ರಲ್ಲಿ ಫ್ರಾನ್ಸ್ ಯುದ್ಧನೌಕೆಗಳನ್ನು ಕಳಿಸಿ, ನಮ್ಮವರ ನಷ್ಟಕ್ಕೆ 15 ಕೋಟಿ ಫ್ರಾಂಕ್ ಕೊಡಿ ಎಂದಿತು. ನಷ್ಟ ಏನೆಂದರೆ ತೋಟ, ಜೊತೆಗೆ ಆ ಮನುಷ್ಯರೇ. ಮುಂದೆ ಅದು 9 ಕೋಟಿಗೆ ಇಳಿಯಿತು ನಿಜ. ಆದರೆ ಅದಕ್ಕಾಗಿ ಮಾಡಿದ ಸಾಲ, ಬಡ್ಡಿ ಇಪ್ಪತ್ತನೇ ಶತಮಾನದ ನಡುವಿನವರೆಗೂ ಆ ದೇಶವನ್ನು ಹಿಂಡಿತು.

ಆ ತರುಣನ ಮಾತಿಗೆ ಬರೋಣ. ಸರಿ, ಭೂಮಿ ಸಿಗಲಿಲ್ಲ, ದುಡಿದು ಉಳಿಸಬಹುದಿತ್ತಲ್ಲ? ಉಳಿಸಿದರು. ಅವರಿಗೆಂದೇ 1865ರಲ್ಲಿ ಅಮೆರಿಕದ ಸಂಸತ್ತಿನ ಸನ್ನದು ಪಡೆದ ಒಂದು ಉಳಿತಾಯ ಬ್ಯಾಂಕ್ ತೆರೆಯಿತು. ಸರಕಾರದ್ದೇ ಎಂದು ನಂಬಿ ಮಡಿವಾಳಿಯರು, ಕೂಲಿಗಳು, ಸೈನಿಕರು ಒಂದೊಂದು ಡಾಲರ್ ಕಟ್ಟಿದರು. ಆಡಳಿತದವರು ಆ ಹಣವನ್ನು ಬೇಕಾಬಿಟ್ಟಿ ಸಾಲ ಕೊಟ್ಟರು. 1874ರಲ್ಲಿ ಬಾಗಿಲು ಮುಚ್ಚಿತು. 60 ಸಾವಿರಕ್ಕೂ ಹೆಚ್ಚು ಖಾತೆದಾರರ ಸುಮಾರು 30 ಲಕ್ಷ ಡಾಲರ್ ಒಳಗೆ ಸಿಕ್ಕಿಕೊಂಡಿತು. ಕೆಲವರಿಗೆ ವರ್ಷಗಳ ನಂತರ ಒಂದಂಶ ಸಿಕ್ಕಿತು, ಹಲವರಿಗೆ ಏನೂ ಇಲ್ಲ. ಅಮಾನತ್ತಿನಲ್ಲಿ ಖಿಯಾನತ್ ಎಂದು ನಾವು ಕರೆಯುವುದು ಇದನ್ನೇ.

ಆಮೇಲೆ ಮನೆಯ ವಿಷಯ. ಅಮೆರಿಕದಲ್ಲಿ ಸಾಮಾನ್ಯ ಕುಟುಂಬದ ಆಸ್ತಿ ಎಂದರೆ ಮನೆಯೇ. 1930ರ ದಶಕದಲ್ಲಿ ಅಲ್ಲಿನ ಸರಕಾರ ಮನೆ ಸಾಲಕ್ಕೆ ಗ್ಯಾರಂಟಿ ನಿಲ್ಲಲು ಆರಂಭಿಸಿತು. ಬಹಳ ಒಳ್ಳೆಯ ಯೋಜನೆ. ಆದರೆ ನಗರಗಳ ನಕ್ಷೆಯಲ್ಲಿ ಕಪ್ಪುವರ್ಣೀಯರ ಮೊಹಲ್ಲಾಗಳಿಗೆ ಕೆಂಪು ಬಣ್ಣ ಬಳಿದರು. ಕೆಂಪು ಎಂದರೆ ಅಪಾಯ, ಅಲ್ಲಿ ಸಾಲ ಇಲ್ಲ. ಬಿಳಿಯ ಕೂಲಿಕಾರ ಸರಕಾರದ ಗ್ಯಾರಂಟಿಯಲ್ಲಿ ಮನೆ ಕೊಂಡ, ಮನೆಯ ಬೆಲೆ ಏರಿತು, ಅದನ್ನು ಒತ್ತೆಯಿಟ್ಟು ಮಗನನ್ನು ಓದಿಸಿದ, ತೀರಿದ ಮೇಲೆ ಮೊಮ್ಮಗನಿಗೆ ಬಿಟ್ಟ. ಅದೇ ಕಾರ್ಖಾನೆಯಲ್ಲಿ ಪಕ್ಕದಲ್ಲೇ ದುಡಿದ ಕಪ್ಪುವರ್ಣೀಯ ಬಾಡಿಗೆ ಕಟ್ಟುತ್ತಲೇ ಉಳಿದ. ವಸತಿಯಲ್ಲಿ ತಾರತಮ್ಯ ಕೂಡದೆಂಬ ಕಾನೂನು ಬಂದದ್ದು 1968ರಲ್ಲಿ. ಮನೆ ನೋಡಲು ಹೋಗಿ, ಹೆಸರು ಹೇಳಿದ ಕೂಡಲೇ “ಈಗಷ್ಟೇ ಬೇರೆಯವರಿಗೆ ಕೊಟ್ಟೆವು” ಎಂಬ ಉತ್ತರ ಕೇಳಿದವರು ಈ ಸಫ್‌ಗಳಲ್ಲಿ ಎಷ್ಟು ಮಂದಿ ಇದ್ದೀರಿ ಎಂದು ನಾನು ಕೇಳಬೇಕಿಲ್ಲ. ಅದಕ್ಕೆ ಸರಕಾರದ ಮೊಹರು ಬಿದ್ದು, ಮೂವತ್ತು ವರ್ಷ ನಡೆದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿ.

ಅಮೆರಿಕದ ಕೇಂದ್ರ ಬ್ಯಾಂಕಿನ 2022ರ ಸಮೀಕ್ಷೆಯಲ್ಲಿ ನಡುಮಟ್ಟದ ಬಿಳಿಯ ಕುಟುಂಬದ ಆಸ್ತಿ 2 ಲಕ್ಷ 85 ಸಾವಿರ ಡಾಲರ್, ಕಪ್ಪುವರ್ಣೀಯ ಕುಟುಂಬದ್ದು ಸುಮಾರು 45 ಸಾವಿರ. ಸಾಲ ಕಳೆದು ಉಳಿದ ಆಸ್ತಿ ಇದು, ಸಂಬಳದ ಲೆಕ್ಕವಲ್ಲ. ಸಂಬಳವನ್ನು ನಾವು ದುಡಿಯುತ್ತೇವೆ, ಆಸ್ತಿಯಲ್ಲಿ ಅಜ್ಜನ ಪಾಲೂ ಇರುತ್ತದೆ. ಎರಡು ಸೂಟ್‌ಕೇಸ್ ಹಿಡಿದು ಹೋದೆ ಎಂದನಲ್ಲ ನಮ್ಮ ಹುಡುಗ, ಅವನ ಇಂಜಿನಿಯರಿಂಗ್ ಫೀಜಿಗೆ ಅವನ ತಂದೆ ಎರಡು ಎಕರೆ ಹೊಲ ಮಾರಿದ್ದು ನನಗೆ ಗೊತ್ತು. ಮಾರಲು ಹೊಲ ಇತ್ತು. ಸೂಟ್‌ಕೇಸಿನಲ್ಲಿ ಆ ಎರಡು ಎಕರೆಯೂ ಹೋಗಿತ್ತು.

“ಅಜ್ಜ ಮಾಡಿದ ಪಾಪಕ್ಕೆ ಮೊಮ್ಮಗ ಹೊಣೆಯೇ?” ಎಂದು ಅಲ್ಲಿನ ಎಷ್ಟೋ ಮಂದಿ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಒಬ್ಬನ ಪಾಪದ ಹೊರೆಯನ್ನು ಇನ್ನೊಬ್ಬನು ಹೊರುವುದಿಲ್ಲ ಎಂಬುದು ಕುರ್‌ಆನ್ ಹಲವು ಕಡೆ ಹೇಳಿದ ತತ್ವ. ಪಾಪ ವಾರೀಸಿಗೆ ಬರುವುದಿಲ್ಲ. ಆದರೆ ಸಾಲ? ಸೂರಃ ಅನ್ನಿಸಾದಲ್ಲಿ ಮೀರಾಸಿನ ಪಾಲುಗಳನ್ನು ವಿವರಿಸುವಾಗ, ವಸಿಯ್ಯತ್ ಮತ್ತು ಸಾಲ ತೀರಿದ ನಂತರವೇ ಹಂಚಿಕೆ ಎಂಬ ಷರತ್ತನ್ನು ಅಲ್ಲಾಹನು ಮತ್ತೆ ಮತ್ತೆ ಹೇಳಿದ್ದಾನೆ. ಕೆಲವೇ ದೀನಾರ್ ಸಾಲವಿಟ್ಟು ತೀರಿದವರ ಜನಾಝಾ ಬಂದಾಗ ಪ್ರವಾದಿವರ್ಯರು(ಸ) ನಮಾಝ್‌ಗೆ ನಿಲ್ಲಲಿಲ್ಲ. ಅಬೂ ಕತಾದಾ(ರ) ಆ ಸಾಲ ನನ್ನ ಮೇಲಿರಲಿ ಎಂದ ನಂತರವೇ ನಿಂತರು. ಕೊಡದ ಕೂಲಿ ಸಾಲವೇ. ಅದನ್ನು ತೀರಿಸದೆ ಹಂಚಿಕೊಂಡ ಆಸ್ತಿಯಲ್ಲಿ ಬೇರೆಯವರ ಹಕ್ಕು ಕುಳಿತಿರುತ್ತದೆ. ಹಂಚಿಕೊಂಡವನು ಪಾಪಿಯಲ್ಲದಿರಬಹುದು, ಆದರೆ ಅವನ ಕೈಯಲ್ಲಿರುವುದು ಪೂರ್ತಿ ಅವನದ್ದಲ್ಲ. ಅಕ್ಕತಂಗಿಯರ ಪಾಲು ಕೊಡದೆ ಅಪ್ಪನ ಹೊಲ ಉಳುತ್ತಿರುವವರು ಇಲ್ಲಿದ್ದರೆ ಅವರಿಗೂ ಇದೇ ಮಸ್‌ಅಲ.

ಬಿಡುಗಡೆ ಹೇಗಿರಬೇಕು ಎಂದು ನಮಗೆ ತೋರಿಸಿದ್ದಾರೆ. ಹಝ್ರತ್ ಸಲ್ಮಾನ್ ಫಾರಿಸೀ(ರ) ಗುಲಾಮರಾಗಿದ್ದಾಗ, ಒಡೆಯನೊಂದಿಗೆ ಬಿಡುಗಡೆಯ ಕರಾರು ಮಾಡಿಕೊಳ್ಳಲು ಪ್ರವಾದಿವರ್ಯರು(ಸ) ಹೇಳಿದರು. ಒಡೆಯ ಕೇಳಿದ್ದು 300 ಖರ್ಜೂರದ ಗಿಡ, 40 ಊಕಿಯಾ ಚಿನ್ನ. ಸಹಾಬಿಗಳು ತಮ್ಮ ತಮ್ಮ ಶಕ್ತಿಗೆ ತಕ್ಕಂತೆ ಸಸಿ ತಂದರು. ಒಬ್ಬರು 30, ಒಬ್ಬರು 20, ಒಬ್ಬರು 10. ಗುಂಡಿ ತೋಡಿದರು. ಪ್ರವಾದಿವರ್ಯರು(ಸ) ತಮ್ಮ ಕೈಯಿಂದಲೇ ಸಸಿ ನೆಟ್ಟರು. ಚಿನ್ನಕ್ಕೂ ಅವರೇ ದಾರಿ ಮಾಡಿದರು. ಹೀಗೆ ಕರಾರು ಮಾಡಿಕೊಂಡವರಿಗೆ ಅಲ್ಲಾಹನು ಕೊಟ್ಟ ಧನದಿಂದ ಕೊಡಿ ಎಂಬ ಆದೇಶ ಸೂರಃ ಅನ್ನೂರ್‌ನಲ್ಲಿದೆ (24:33). ಝಕಾತ್‌ನ ಎಂಟು ಪಾಲುಗಳಲ್ಲಿ ಒಂದು ಕೊರಳ ಬಿಡುಗಡೆಗೆ (9:60). ಬರಿಗೈಯಲ್ಲಿ ಬಾಗಿಲಿನಿಂದ ಹೊರಗೆ ಕಳಿಸುವುದನ್ನು ದೀನ್ ಬಿಡುಗಡೆ ಎಂದು ಕಲಿಸಲಿಲ್ಲ.

ಆದರೆ ಮಿಂಬರಿನ ಮೇಲೆ ನಿಂತು ಅರ್ಧ ಸತ್ಯ ಹೇಳಬಾರದು. ದೀನ್ ಬಿಡುಗಡೆಯ ಬಾಗಿಲುಗಳನ್ನು ತೆರೆಯಿತು, ನಮ್ಮವರಲ್ಲಿ ಎಷ್ಟೋ ಮಂದಿ ಅವುಗಳನ್ನು ಮುಚ್ಚಿ ಕುಳಿತರು. ಝಂಝಿಬಾರ್‌ನ ಗುಲಾಮರ ಸಂತೆ ನಡೆಸಿದವರಲ್ಲಿ ಕಲಿಮಾ ಹೇಳುವವರಿದ್ದರು. ಸೌದಿ ಅರೇಬಿಯಾದಲ್ಲಿ ಗುಲಾಮಗಿರಿ ರದ್ದಾದದ್ದು 1962ರಲ್ಲಿ, ಮಾರಿಟಾನಿಯಾದಲ್ಲಿ 1981ರಲ್ಲಿ. ಹಿಂದೂ ಮಹಾಸಾಗರದ ಆ ವ್ಯಾಪಾರದಲ್ಲಿ ಅರಬ್ ವರ್ತಕರೂ ಇದ್ದರು, ಪೋರ್ಚುಗೀಸರೂ ಇದ್ದರು. ಆ ಹಡಗುಗಳು ಗೋವಾಕ್ಕೂ ಬಂದವು.

ಅಲ್ಲಿಂದ ಮುಂದಿನದ್ದು ನಿಮಗೆ ಗೊತ್ತಿರುವ ದಾರಿಯೇ. ಗೋವಾದ ಒಡೆಯರಿಂದ ತಪ್ಪಿಸಿಕೊಂಡು ಘಟ್ಟ ಹತ್ತಿ ಕಾಡು ಸೇರಿದ ಆಫ್ರಿಕನ್ನರ ಮಕ್ಕಳೇ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಯ ಸಿದ್ದಿಗಳಲ್ಲಿ ಬಹಳ ಮಂದಿ. ಹಳಿಯಾಳ ಇಲ್ಲಿಂದ ಒಂದು ತಾಸಿನ ದಾರಿ. ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಹಳಿಯಾಳದ ಕಡೆ ನಮ್ಮೊಂದಿಗೆ ಈದ್ ನಮಾಝ್‌ಗೆ ನಿಲ್ಲುವವರೂ ಇದ್ದಾರೆ. 1843ರಲ್ಲಿ ಕಂಪನಿ ಸರಕಾರ ತನ್ನ ಆಡಳಿತದ ಭಾರತದಲ್ಲಿ ಗುಲಾಮಗಿರಿಗೆ ಕೋರ್ಟಿನಲ್ಲಿ ಮಾನ್ಯತೆ ಇಲ್ಲವೆಂಬ ಕಾನೂನು ಮಾಡಿತು. ಭೂಮಿ ಕೊಡುವ ಮಾತು ಅದರಲ್ಲಿರಲಿಲ್ಲ. ಸಿದ್ದಿಗಳು ಕಾಡು ಸವರಿ ಗದ್ದೆ ಮಾಡಿದರು, ಕಾಡು ಸರಕಾರದ್ದಾಯಿತು. ಬೇರೆಯವರ ಅಡಿಕೆ ತೋಟದಲ್ಲಿ ಆಳಾಗಿ ನಿಂತರು. ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. ಜಿಲ್ಲೆಯ ಗಡಿಯ ಈಚೆ, ನಮ್ಮ ಧಾರವಾಡದಲ್ಲೂ ಬೆಳಗಾವಿಯಲ್ಲೂ ಇದ್ದ ಅವರದ್ದೇ ನೆಂಟರು ಪಟ್ಟಿಗೆ ಸೇರಲು 2020 ಬರಬೇಕಾಯಿತು.

ಪಟ್ಟಿಯಿಂದ ಏನಾಗುತ್ತದೆ ಎಂದು ಕೇಳಬಹುದು. 2006ರ ಅರಣ್ಯ ಹಕ್ಕು ಕಾಯ್ದೆ ಪ್ರಕಾರ ಪರಿಶಿಷ್ಟ ಪಂಗಡದವನು 2005ರ ಡಿಸೆಂಬರ್ 13ಕ್ಕೆ ಮೊದಲು ಆ ಭೂಮಿಯಲ್ಲಿದ್ದೆ ಎಂದು ತೋರಿಸಿದರೆ ಸಾಕು. ಪಟ್ಟಿಯಲ್ಲಿಲ್ಲದವನು ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. ಓಡಿಬಂದು ಕಾಡಿನಲ್ಲಿ ಅಡಗಿದವರ ಮಕ್ಕಳು 75 ವರ್ಷದ ದಾಖಲೆ ಎಲ್ಲಿಂದ ತಂದಾರು?

ಸಪೆಲೋದ ಕಥೆ ಮುಗಿದಿಲ್ಲ. 1871ರಲ್ಲಿ, ಬಿಡುಗಡೆಯಾದ ಆರೇ ವರ್ಷಕ್ಕೆ, ದ್ವೀಪದ ಜನ ಹಣ ಕೂಡಿಸಿ ರಕೂನ್ ಬ್ಲಫ್ ಎಂಬಲ್ಲಿ ಸುಮಾರು ಸಾವಿರ ಎಕರೆ ಕೊಂಡರು. ಸೋಮಾರಿಗಳು ಎನ್ನುವವರು ಇದನ್ನು ಗಮನಿಸಬೇಕು. ಇಪ್ಪತ್ತನೇ ಶತಮಾನದಲ್ಲಿ ದ್ವೀಪದ ಬಹುಪಾಲು ಕೊಂಡ ತಂಬಾಕು ಕಂಪನಿಯ ಶ್ರೀಮಂತನೊಬ್ಬ ಅವರನ್ನೆಲ್ಲ ಅಲ್ಲಿಂದ ಎಬ್ಬಿಸಿ ಹಾಗ್ ಹ್ಯಾಮಕ್ ಎಂಬ ಒಂದೇ ಹಳ್ಳಿಗೆ ಒಟ್ಟಿದ. ಈಗ ಅಲ್ಲಿ ಉಳಿದಿರುವುದು ಕೆಲವೇ ಹತ್ತು ಮಂದಿ. ಸಮುದ್ರದ ದಡದಲ್ಲಿ ರಜಾ ಮನೆ ಕಟ್ಟಿಸುವವರು ಬಂದು ಜಾಗದ ಬೆಲೆ ಏರಿತು. 2012ರಲ್ಲಿ ಅವರ ಭೂಕಂದಾಯ ಒಮ್ಮೆಲೇ ಹಲವು ಪಟ್ಟಾಯಿತು. 2023ರಲ್ಲಿ ಅಲ್ಲಿ ದುಪ್ಪಟ್ಟಿಗಿಂತ ದೊಡ್ಡ ಮನೆಗಳನ್ನು ಕಟ್ಟಲು ಆಡಳಿತ ಅನುಮತಿ ಕೊಟ್ಟಿತು. ಇನ್ನೊಂದು ತೊಂದರೆ ಅಮೆರಿಕದ ದಕ್ಷಿಣದಲ್ಲೆಲ್ಲ ಇದೆ. ಕೋರ್ಟನ್ನು ನಂಬದ ಅಜ್ಜಂದಿರು ವಿಲ್ ಬರೆಯದೆ ತೀರಿಕೊಂಡರು. ಭೂಮಿ ಹತ್ತಾರು ವಾರೀಸುದಾರರ ಹೆಸರಲ್ಲಿ ಒಟ್ಟಾಗಿ ಉಳಿಯಿತು. ಎಲ್ಲೋ ದೂರದ ಊರಿನಲ್ಲಿರುವ ಒಬ್ಬನು ತನ್ನ ಪಾಲನ್ನು ಹೊರಗಿನವನಿಗೆ ಮಾರಿದರೆ, ಕೊಂಡವನು ಕೋರ್ಟಿಗೆ ಹೋಗಿ ಇಡೀ ಭೂಮಿಯನ್ನು ಹರಾಜಿಗೆ ತರಬಹುದು. ಹೀಗೆ ಹೋದ ಭೂಮಿ ಬಹಳ. ಕಾಗದ ಇಲ್ಲದವನ ಭೂಮಿ, ಸಹೋದರರೇ, ಅಲ್ಲಿಯೂ ಇಲ್ಲಿಯೂ ಒಂದೇ ರೀತಿ ಹೋಗುತ್ತದೆ.

ಅಮೆರಿಕದ ಸಾಲ ಅಮೆರಿಕದವರು ತೀರಿಸಲಿ. ಅಲ್ಲಿಗೆ ಹೋಗಿರುವ ನಮ್ಮ ಮಕ್ಕಳು ಸಫ್‌ನಲ್ಲಿ ಪಕ್ಕದಲ್ಲಿ ನಿಂತವರ ಅಜ್ಜನ ಕಥೆಯನ್ನು ಕೇಳಿ ತಿಳಿಯಲಿ. ಅಲ್ಲಿನ ಮುಸ್ಲಿಮರಲ್ಲಿ ಸುಮಾರು ಐವರಲ್ಲಿ ಒಬ್ಬರು ಅವರೇ. ಈ ಖುತ್ಬಾವನ್ನು ಆ ತರುಣನಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತೇನೆ.

ನಮ್ಮ ಕೈಯಲ್ಲಿರುವ ಒಂದು ಕೆಲಸ ಇದೆ. ಅರಣ್ಯ ಹಕ್ಕಿನ ಅರ್ಜಿಗೆ ಒಂದಕ್ಕಿಂತ ಹೆಚ್ಚು ಸಾಕ್ಷ್ಯ ಬೇಕು. ರೇಷನ್ ಕಾರ್ಡ್, ಮತದಾರರ ಚೀಟಿ ನಡೆಯುತ್ತದೆ. ಅರ್ಜಿದಾರನಲ್ಲದ ಊರ ಹಿರಿಯರ ಹೇಳಿಕೆಯನ್ನು ಬರವಣಿಗೆಯಲ್ಲಿ ತೆಗೆದುಕೊಂಡರೆ ಅದೂ ಸಾಕ್ಷ್ಯವೇ ಎಂದು ನಿಯಮದಲ್ಲಿದೆ. ಹಿರಿಯರು ಇದ್ದಾರೆ, ನೆನಪೂ ಇದೆ. ಬರೆದುಕೊಳ್ಳುವವರು ಬೇಕು, ಅರ್ಜಿ ತಿರಸ್ಕಾರವಾದರೆ ಉಪವಿಭಾಗ ಸಮಿತಿಗೆ ಮೇಲ್ಮನವಿ ತಯಾರಿಸುವವರು ಬೇಕು. ನಮ್ಮ ಜಮಾಅತ್‌ನಲ್ಲಿ ವಕೀಲರಿದ್ದಾರೆ, ನಿವೃತ್ತ ತಹಶೀಲ್ದಾರರಿದ್ದಾರೆ, ಚೆನ್ನಾಗಿ ಕನ್ನಡ ಬರೆಯುವ ಡಿಗ್ರಿ ಹುಡುಗ ಹುಡುಗಿಯರಿದ್ದಾರೆ. ಹೋಗುವುದು ಸಿದ್ದಿಗಳ ಊರಿಗೆ, ಮುಸ್ಲಿಮ್ ಸಿದ್ದಿಗಳ ಮನೆಗೆ ಮಾತ್ರವಲ್ಲ. ಬಸ್ಸಿನ ಖರ್ಚು, ಝೆರಾಕ್ಸ್ ಖರ್ಚು ಸದಕಾ ನಿಧಿಯಿಂದ ಕೊಡಲು ಕಮಿಟಿಯವರು ಒಪ್ಪಿದ್ದಾರೆ. ತಿಂಗಳಿಗೆ ಎರಡು ಭಾನುವಾರ. ಸುನ್ನತ್ ನಮಾಝ್ ಮುಗಿಸಿ, ವುಝೂಖಾನೆಯ ಪಕ್ಕದ ಮೇಜಿನಲ್ಲಿ ನೋಟ್‌ಬುಕ್ ಇಟ್ಟಿದ್ದೇವೆ, ಹೆಸರು ಮತ್ತು ಫೋನ್ ನಂಬರ್ ಬರೆಯಿರಿ.